ಟ್ಯಾಂಕಿನ ತಳದ ನೀರು

ಆಗಸ್ಟ್ 6, ಬೆಳಗ್ಗೆ 5:50

ಬೋಟಿನ ಡೀಸೆಲ್ ಟ್ಯಾಂಕಿನ ತಳದ ನಲ್ಲಿ, ಅದೇ ಕಾಕ್, ತಿರುಗಿಸಿದೆ. ಬಾಟಲಿಗೆ ಮೊದಲು ಬಂದದ್ದು ನೀರು, ಎರಡು ಬೆರಳಷ್ಟು. ಆಮೇಲೆ ಡೀಸೆಲ್. ತಳದಲ್ಲಿ ನಿಂತ ನೀರು ಇಂಜಿನ್‌ಗೆ ಹೋಗದಂತೆ ದಿನಾ ಬೆಳಗ್ಗೆ ಹೀಗೆ ಬಿಡಬೇಕು. ಮುಚ್ಚಿದೆ. ರಿಜಿಸ್ಟರಿನಲ್ಲಿ ಬರೆದೆ: "ಟ್ಯಾಂಕಿನ ನೀರು ಬಿಟ್ಟಿದೆ." ಸಹಿ ಹಾಕಿದೆ.

ಇದೇ ವಾಕ್ಯವನ್ನು ಜೂನ್ 19ರಂದೂ ಬರೆದಿದ್ದೆ. ಅವತ್ತು ನೀರು ಬಿಟ್ಟಿರಲಿಲ್ಲ. ಕಾಕ್ ಮುಟ್ಟಿಯೂ ಇರಲಿಲ್ಲ. ಏಳು ವಾರವಾಯಿತು. ಯಾರಿಗೂ ಹೇಳಿಲ್ಲ.

ಅದರ ಹಿಂದಿನ ದಿನವೆಲ್ಲ ಮಳೆ. ಬೆಳಗ್ಗೆ ದಡದಲ್ಲಿ ಜನ, ಸೈಕಲ್ಲು, ಹಾಲಿನ ಕ್ಯಾನು. ತಡವಾಗಿತ್ತು. ಬೋಟಿನ ಗುತ್ತಿಗೆ ಅಕ್ಕನ ಗಂಡ ಭಾವನದು; ನಾನಿರುವುದೂ ಅವರ ಮನೆಯಲ್ಲೇ. ಮೆಟ್ಟಿಲ ಮೇಲಿಂದಲೇ ಕೂಗಿದರು — "ಬರ್ಕೊಂಡು ಬಿಡೇ! ಒಂದು ದಿನ ನೀರು ಬಿಡದಿದ್ರೆ ಇಂಜಿನ್‌ಗೆ ಏನು ನೆಗಡಿ ಬರುತ್ತಾ?" ಜನ ನಕ್ಕರು. ನಾನೂ ನಕ್ಕೆ. ಬರೆದೆ.

ನಡು ನೀರಿನಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಸೆಳೆತಕ್ಕೆ ಸಿಕ್ಕ ಬೋಟು ಕೊಚ್ಚಿಕೊಂಡು ಹೋಗಿ ರೈಲು ಸೇತುವೆಯ ಕಂಬಕ್ಕೆ ಬಡಿಯಿತು. ಮೂವತ್ತೊಂದು ಜನ ಇದ್ದರು. ಯಾರೂ ಸಾಯಲಿಲ್ಲ. ಟೈಲರಮ್ಮನ ಬಲಗೈ ಮಣಿಕಟ್ಟು ಮುರಿಯಿತು. ಹೊಲಿಗೆಯವರಿಗೆ ಬಲಗೈ!

ಡ್ರೈವರಣ್ಣನ ಲೈಸೆನ್ಸ್ ಕಿತ್ತುಕೊಂಡರು. ಟ್ಯಾಂಕಿನ ನೀರು ಬಿಟ್ಟಿತ್ತು ಎಂದು ರಿಜಿಸ್ಟರ್ ಹೇಳುತ್ತದೆ. ಅಂದಮೇಲೆ ಡೀಸೆಲ್ ಸರಿ, ಇಂಜಿನ್ ಸರಿ, ಇನ್ನು ತಪ್ಪು ಓಡಿಸಿದವರದೇ. ಇಪ್ಪತ್ತಾರು ವರ್ಷ ಓಡಿಸಿದವರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಈ ತಿಂಗಳ 20ಕ್ಕೆ ವಿಚಾರಣೆ. ಅಲ್ಲೂ ಹೀಗೇ ಆದರೆ ಲೈಸೆನ್ಸ್ ಮತ್ತೆ ಸಿಗುವುದಿಲ್ಲ.

ಈ ಪುಸ್ತಕದಲ್ಲಿ ಬರೆದ ಮೇಲೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಸಿಟ್ಟು ಹೆಚ್ಚಾಯಿತು.

ಆಗಸ್ಟ್ 7

ಡೀಸೆಲ್ ಡ್ರಮ್ಮುಗಳ ಶೆಡ್ಡು. ಚಾವಣಿಯಲ್ಲಿ ಎರಡು ಶೀಟು ಇಲ್ಲ. ಡ್ರಮ್ಮುಗಳೆಲ್ಲ ನೆಟ್ಟಗೆ ನಿಂತಿವೆ. ಮುಚ್ಚಳದ ಸುತ್ತ ಅಂಚಿದೆಯಲ್ಲ, ಅದರೊಳಗೆ ಮಳೆನೀರು ತಟ್ಟೆಯಲ್ಲಿ ನಿಂತ ಹಾಗೆ ನಿಂತಿದೆ. ಬಿಸಿಲಿಗೆ ಡ್ರಮ್ಮಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಗೆ ಹೋಗುತ್ತದೆ. ಸಂಜೆ ತಂಪಾದಾಗ ಒಳಕ್ಕೆ ಎಳೆದುಕೊಳ್ಳುತ್ತದೆ — ಗಾಳಿಯ ಜೊತೆ ಮೇಲಿನ ನೀರನ್ನೂ. ಮಲಗಿಸಿಟ್ಟರೆ ಮುಗಿಯಿತು. ವರ್ಷದಿಂದ ಹೇಳುತ್ತಿದ್ದೇನೆ. ಭಾವನ ಉತ್ತರ ಒಂದೇ: "ಡ್ರಮ್ಮು ಉಸಿರಾಡುತ್ತಂತೆ! ನಾಳೆ ಗೊರಕೇನೂ ಹೊಡೆಯುತ್ತೆ ಬಿಡು."

ಇವತ್ತು ಭಾವನನ್ನು ಅಲ್ಲೇ ಹಿಡಿದು ನಿಲ್ಲಿಸಿ ಹೇಳಿದೆ. ಅವತ್ತು ನಾನು ನೀರು ಬಿಟ್ಟಿಲ್ಲ. ವಿಚಾರಣೆಯಲ್ಲಿ ಹೇಳುತ್ತೇನೆ.

ಭಾವ ನಗಲಿಲ್ಲ. "ಹೇಳಿ? ಗುತ್ತಿಗೆ ಹೋಗುತ್ತೆ. ನಿಮ್ಮಕ್ಕ ಮಕ್ಕಳು ಬೀದಿಗೆ ಬರ್ತಾರೆ. ಅದೇ ನಿನ್ನ ಸತ್ಯ?"

"ಡ್ರೈವರಣ್ಣ?"

"ಅವನಿಗೆ ವಯಸ್ಸಾಯ್ತು. ಇವತ್ತಲ್ಲ ನಾಳೆ ಬಿಡೋನೇ."

"ಸುಳ್ಳು ಬರೆದಿದ್ದು ನಾನು ಭಾವ."

"ನೋಡು, ನೀನು ಸುಳ್ಳು ಬರೆಯಲ್ಲ ಅಂತ ಊರಿಗೆಲ್ಲ ಗೊತ್ತು. ಅದಕ್ಕೇ ರಿಜಿಸ್ಟರ್ ನಿನ್ ಕೈಗೆ ಕೊಟ್ಟಿದ್ದು."



ಹೌದು, ಊರಿಗೆಲ್ಲ ಗೊತ್ತು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದರು. ತಪಾಸಣೆಗೆ ಬಂದವರು ಕೇಳಿದಾಗ ನಾನೊಬ್ಬಳೇ ಹೌದು ಎಂದೆ. ಶಾಲೆಯವರು ನನ್ನನ್ನು ಹೊರಗೆ ಹಾಕಿದರು. ಹಾಗೆ ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದರು. ಬರೆಯಲಿಲ್ಲ. ಶಾಲೆ ಬಿಟ್ಟೆ. ಅಂಥವಳು ಬೋಟಿಗೆ ತಡವಾಯಿತು ಅನ್ನುವಷ್ಟಕ್ಕೇ ಸುಳ್ಳು ಬರೆದೆ. ಥೂ.

ಆಗಸ್ಟ್ 8

ಅಕ್ಕನಿಗೆ ಭಾವ ಹೇಳಿದ್ದಾರೆ. ತರಕಾರಿ ಹೆಚ್ಚುತ್ತಾ ತಲೆ ಎತ್ತದೆ ಅಂದಳು — "ಒಂದು ಸಾಲು ಕಣೇ. ಒಂದೇ ಸಾಲು. ಅದನ್ನ ನುಂಗಿಕೊಳ್ಳೋಕಾಗಲ್ವಾ ನಿಂಗೆ?"

"ಏಳು ವಾರದಿಂದ ಅದನ್ನೇ ನುಂಗ್ತಾ ಇದ್ದೀನಿ ಅಕ್ಕಾ."

"ಇನ್ನೂ ಸ್ವಲ್ಪ ನುಂಗು. ನಾನು ಮದುವೆ ಆದಾಗಿಂದ ಎಷ್ಟು ನುಂಗಿದೀನಿ, ಯಾವನಾದ್ರೂ ಲೆಕ್ಕ ಇಟ್ಟಿದಾನಾ?"



ಆಗಸ್ಟ್ 11, ಸಂಜೆ

ಡ್ರೈವರಣ್ಣನ ಮನೆಗೆ ಹೋಗಿದ್ದೆ. ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸುತ್ತಿದ್ದರು. ಹೊಳೆಯುತ್ತಿದ್ದ ಫ್ಯಾನನ್ನೇ ಒರೆಸುತ್ತಿದ್ದರು. ಎಲ್ಲ ಹೇಳಿದೆ. ಕೈ ನಿಲ್ಲಿಸಲಿಲ್ಲ.

"ಗೊತ್ತು," ಅಂದರು.

"ಹೇಗೆ?"

"ಕಂಬಕ್ಕೆ ಬಡಿದ ತಕ್ಷಣ ಫಿಲ್ಟರ್ ಬಿಚ್ಚಿ ಅಂಗೈಗೆ ಬಿಟ್ಟು ನೋಡ್ದೆ. ಬರೀ ನೀರು."

"ಮತ್ತೆ ಯಾಕೆ ಹೇಳಲಿಲ್ಲ ಅಣ್ಣಾ?"

ಈಗ ಕೆಳಗೆ ನೋಡಿದರು. "ಹೇಳಿದ್ನಲ್ಲ. ದಡದ ಮೇಲೆ, ಎಲ್ಲರ ಮುಂದೆ. ನಿಮ್ಮ ಭಾವ ರಿಜಿಸ್ಟರ್ ತೆಗೆದು ನಿನ್ ಸಹಿ ತೋರಿಸಿದ. ನೀನು ಅಲ್ಲೇ ನಿಂತಿದ್ದೆ."

ಅಲ್ಲೇ ನಿಂತಿದ್ದೆ. ಅವರು ನನ್ನ ಮುಖ ನೋಡಿದರು. ನಾನು ಹಗ್ಗ ಸುತ್ತುತ್ತಾ ಬೆನ್ನು ತಿರುಗಿಸಿದೆ. ಇದನ್ನು ಆರನೇ ತಾರೀಕು ಬರೆಯಲಿಲ್ಲ. ಈ ಪುಸ್ತಕಕ್ಕೂ ಮುಚ್ಚಿಟ್ಟೆ.

"ತಪ್ಪಾಯ್ತು ಅಣ್ಣಾ."

"ನನಗೆ ಹೇಳಿ ಏನಾಗ್ಬೇಕು? ಹೇಳಬೇಕಾದ ಕಡೆ ಹೇಳು. ಅಲ್ಲೀವರೆಗೂ ಈ ಕಡೆ ಬರಬೇಡ."

ಬೈದಿದ್ದರೂ ಚೆನ್ನಾಗಿತ್ತು.

ಆಗಸ್ಟ್ 14

ಶೆಡ್ಡಿಗೆ ಹೊಸ ಶೀಟು ಬಂದಿದೆ. ಡ್ರಮ್ಮುಗಳು ಮಲಗಿವೆ. ಒಂದು ವರ್ಷ ಬಾಯಿ ಹರಿದುಕೊಂಡರೂ ಆಗದ್ದು ಒಂದು ವಾರದಲ್ಲಿ ಆಗಿದೆ! ವಿಚಾರಣೆಗೆ ಬಂದವರು ನೋಡಲಿ ಎಂದು. ಟ್ಯಾಂಕನ್ನೂ ತೊಳೆಸಿದ್ದಾರೆ. ಇನ್ನು ನೀರು ಇತ್ತು ಎನ್ನುವುದಕ್ಕೆ ಬಾಯಿಮಾತು ಬಿಟ್ಟು ಏನಿದೆ?

ಮಧ್ಯಾಹ್ನ ನೆನಪಾಯಿತು. ಪಂಪು! ಅಪಘಾತದ ಮರುದಿನವೇ ಭಾವ ಬೋಟಿನ ಇಂಜಿನ್‌ಗೆ ಡೀಸೆಲ್ ತಳ್ಳುವ ಪಂಪ್ ಬದಲಾಯಿಸಿದ್ದರು. ಹಳೆಯದು ಪಂಪ್ ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಇರಬೇಕು. ಸೈಕಲ್ ತುಳಿದುಕೊಂಡು ಹೋದೆ.

ಇತ್ತು. ಬಿಚ್ಚಿ ತೋರಿಸಿದರು. ಒಳಗಿನ ಉಕ್ಕಿನ ಕಡ್ಡಿ ಕನ್ನಡಿಯಂತೆ ಇರಬೇಕು. ಇದರ ಮೇಲೆ ಕಂದು ಕಲೆ, ಚುಚ್ಚಿದಂಥ ತೂತು.

"ಡೀಸೆಲ್‌ನಲ್ಲೇ ಮುಳುಗಿರೋದಕ್ಕೆ ತುಕ್ಕು ಹಿಡಿಯಲ್ಲ ಕಣಮ್ಮ. ತಿಂಗಳುಗಟ್ಟಲೆ ನೀರು ಕುಡಿದಿದೆ ಇದು."

"ಅದನ್ನೇ ಬರೆದುಕೊಡ್ತೀರಾ?"

"ನಿಮ್ಮ ಭಾವ ನನಗೆ ಗಿರಾಕಿ." ಕೈ ಒರೆಸಿಕೊಂಡರು. "ನಾನೀಗ ಟೀ ಕುಡಿಯೋಕೆ ಹೋಗ್ತೀನಿ. ಗುಜರಿ ಡಬ್ಬೀಲಿ ಏನಿತ್ತು ಏನಿಲ್ಲ, ನನಗೆ ನೆನಪಿರಲ್ಲ."

ಟೀ ಕುಡಿಯಲು ಇಪ್ಪತ್ತು ನಿಮಿಷ ತೆಗೆದುಕೊಂಡರು, ಪಾಪ. ನನಗೆ ಎರಡು ನಿಮಿಷ ಸಾಕಾಯಿತು.

ಆಗಸ್ಟ್ 20

ವಿಚಾರಣೆ. ಉದ್ದ ಮೇಜು, ವಿಚಾರಣೆ ನಡೆಸುವ ಮೇಡಂ, ಫೈಲು. ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

ರಿಜಿಸ್ಟರ್ ತೆರೆದು ಮೇಡಂ ಕೇಳಿದರು, "ಇದು ನಿನ್ನ ಸಹಿಯಾ?"

"ಹೌದು ಮೇಡಂ. ಬರೆದಿರೋದು ಸುಳ್ಳು. ಅವತ್ತು ನಾನು ನೀರು ಬಿಡಲಿಲ್ಲ. ಬರ್ಕೊಂಡು ಬಿಡು ಅಂತ ಭಾವ ಹೇಳಿದ್ರು. ಬರೆದಿದ್ದು ನಾನೇ."

ಭಾವ ಎದ್ದು ನಿಂತರು. ಮೇಡಂ ಕೈಸನ್ನೆಯಲ್ಲೇ ಕೂರಿಸಿದರು. ನನ್ನನ್ನೇ ನೋಡುತ್ತಾ — "ಆಗ ಸುಳ್ಳು ಬರೆದೋಳು ಈಗ ನಿಜ ಹೇಳ್ತಿದೀಯ ಅಂತ ಹೇಗಮ್ಮ ನಂಬೋದು?"

"ನನ್ನ ನಂಬಬೇಡಿ. ಇದನ್ನ ನೋಡಿ."

ಚೀಲದಿಂದ ಪಂಪ್ ತೆಗೆದು ಮೇಜಿನ ಮೇಲಿಟ್ಟೆ. ಫೈಲಿಗೆ ಮಸಿ ಹತ್ತಿತು.

"ಯಾವುದೋ ಗುಜರಿ ತಂದಿದಾಳೆ ಮೇಡಂ!" ಎಂದರು ಭಾವ.

ಪಂಪಿನ ಮೇಲೆ ನಂಬರ್ ಕೊರೆದಿದೆ. ಮೇಡಂ ಬೋಟಿನ ಕಾಗದ ತರಿಸಿ, ಕನ್ನಡಕ ಏರಿಸಿ, ಒಂದೊಂದೇ ಅಂಕಿ ಓದಿದರು. ಹೊಂದಿತು.

ಬಾಗಿಲ ಹತ್ತಿರ ಟೈಲರಮ್ಮ ತಡೆದರು. ಕೈಗೆ ಇನ್ನೂ ಪಟ್ಟಿ. "ಎರಡು ತಿಂಗಳಿಂದ ಆ ಡ್ರೈವರ್‌ನ ವಂಶಾನೇ ಬೈದು ತೊಳೀತಿದ್ದೀನಿ. ಎಲ್ಲ ವ್ಯರ್ಥ ಆಯ್ತಲ್ಲೇ ಹುಡುಗಿ! ಇನ್ನು ನಿನ್ನ ಮೊದಲಿಂದ ಬೈಬೇಕು."

"ಬೈರಿ," ಅಂದೆ.

ಬೈದರು. ಪೂರ್ತಿ ಕೇಳಿಸಿಕೊಂಡೆ.

ಆಗಸ್ಟ್ 26

ಆದೇಶ ಬಂತು. ಡ್ರೈವರಣ್ಣನಿಗೆ ಲೈಸೆನ್ಸ್ ವಾಪಸ್. ನಾನು ಇನ್ನು ಬೋಟಿನ ಕೆಲಸ ಮಾಡುವಂತಿಲ್ಲ — ಸುಳ್ಳು ದಾಖಲೆ. ಸರಿಯಾಗೇ ಇದೆ. ಗುತ್ತಿಗೆಯ ತೀರ್ಮಾನ ಇನ್ನೂ ಆಗಿಲ್ಲ. ಭಾವ ವಿವರಣೆ ಬರೆದುಕೊಡಬೇಕಂತೆ.

ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಅಕ್ಕ ಪಾತ್ರೆ ಕುಕ್ಕುವ ಸದ್ದು ಮಾತ್ರ.

ಆಗಸ್ಟ್ 29

ಭಾವ ಒಂದು ಹಾಳೆ ತಂದು ಮುಂದಿಟ್ಟರು. ಟೈಪ್ ಮಾಡಿಸಿದ್ದಾರೆ. "ನೀರು ಬಿಡದೆ ದಾಖಲಿಸಿದ್ದು ನನ್ನ ಸ್ವಂತ ನಿರ್ಧಾರ. ಗುತ್ತಿಗೆದಾರರು ಹಾಗೆ ಹೇಳಿರಲಿಲ್ಲ. ವಿಚಾರಣೆಯಲ್ಲಿ ಭಯದಿಂದ ಅವರ ಹೆಸರು ಹೇಳಿದೆ." ಕೆಳಗೆ ನನ್ನ ಸಹಿಗೆ ಜಾಗ.

"ನಿನ್ನ ಡ್ರೈವರಣ್ಣನಿಗೆ ಅವನ ಲೈಸೆನ್ಸ್ ಸಿಕ್ತು. ಈಗ ಈ ಮನೆ ಉಳಿಸು. ಸಹಿ ಹಾಕು, ಇಲ್ಲೇ ಇರು. ಹಾಕಲ್ವಾ, ನಿನ್ನ ದಾರಿ ನೋಡ್ಕೋ."

"ನೀವು ಹೇಳಿದ್ರಿ ಭಾವ. ಮೆಟ್ಟಿಲ ಮೇಲಿಂದ. ಜನ ನಕ್ಕರು."

"ಯಾವ ಜನ? ಬಂದು ಹೇಳ್ತಾರಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಹಾಕೇ. ನನಗೋಸ್ಕರ ಹಾಕು."

ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅದೇ ಕಷ್ಟವಾಯಿತು. ಭಾವ ಪೆನ್ನಿನ ಕ್ಯಾಪ್ ತೆಗೆದು ಕೈಗೆ ಕೊಟ್ಟರು. ಕ್ಯಾಪ್ ಹಾಕಿ ವಾಪಸ್ ಕೊಟ್ಟೆ.

ಆಗಸ್ಟ್ 30

ಬಟ್ಟೆ ಒಂದು ಚೀಲ. ಸ್ಪ್ಯಾನರ್ ಸೆಟ್ ನನ್ನದೇ, ತೆಗೆದುಕೊಂಡೆ. ಅಕ್ಕ ಚೀಲ ನೋಡಿದಳು. ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ಗೊತ್ತಿರಲಿಲ್ಲ.

ನಾಳೆ ಆರು ಗಂಟೆಯ ಬಸ್ಸಿಗೆ ಹೊರಡುತ್ತೇನೆ.