ಸೊನ್ನೆ ಬಂದರೆ ಬರ್ತೀನಿ ಅಂದವನಿಗೆ

ಅಂಗಡಿಯಿಂದ,
ಮಂಗಳವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಕರಾರಪ್ಪಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಾಲೇಜಿನವರು ಆ ಮುರುಕು ಕುರ್ಚಿ ಬದಲಾಯಿಸಿದರೋ ಇಲ್ಲವೋ? ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಬರೀ ಚಹಾ ಕುಡಿದುಕೊಂಡು ಪಾಠ ಮಾಡುತ್ತೀಯೋ? ಸರಿ, ಅಕ್ಕನಾದವಳು ಕೇಳಬೇಕಾದ್ದನ್ನೆಲ್ಲ ಕೇಳಿಯಾಯಿತು. ಇನ್ನು ಬೈಯುತ್ತೇನೆ. ಫೋನಿನಲ್ಲೇ ಬೈಯಬಹುದಿತ್ತು, ಆದರೆ ನಾನು ದನಿ ಏರಿಸಿದ ಕೂಡಲೇ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದದಲ್ಲಿ ಆ ಅನುಕೂಲ ನಿನಗಿಲ್ಲ. ಅಪ್ಪ ಚೆನ್ನಾಗಿದ್ದಾರೆ, ಅಂದರೆ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಎಪ್ಪತ್ತಾರು ವರ್ಷದವರು ಎಷ್ಟು ಚೆನ್ನಾಗಿರಬಹುದೋ ಅಷ್ಟು. ಶನಿವಾರ ಮನೆಗೆ ಕಳಿಸುತ್ತಾರಂತೆ. ಮೆಟ್ಟಿಲು ಹತ್ತುವ ಹಾಗಿಲ್ಲ, ಬಚ್ಚಲು ಪಕ್ಕದಲ್ಲೇ ಇರಬೇಕು. ಅಂಥದ್ದು ನಮ್ಮ ಮನೆಯಲ್ಲಿ ಇರುವುದೇ ಒಂದು, ಕೆಳಗಿನ ಕೋಣೆ. ಅಲ್ಲಿ ನಿನ್ನ ಕಂಪ್ಯೂಟರ್ ಸಂಸಾರ ಹೂಡಿದೆ, ಮೇಜು, ಕರೆಂಟು ಹೋದರೂ ನಿಲ್ಲದಂತೆ ಇಟ್ಟ ಬ್ಯಾಟರಿಗಳು, ಆರು ವರ್ಷದಿಂದ ಒಂದೇ ಸಮ ಗುಂಯ್‌ಗುಡುವ ಫ್ಯಾನು, ಎಲ್ಲ ಸಮೇತ. ಮಂಚ ಇರಲಿ, ಚಾಪೆ ಹಾಸಲೂ ಜಾಗವಿಲ್ಲ.

ಅದನ್ನು ಆಫ್ ಮಾಡಿ ಮಹಡಿಗೆ ಸಾಗಿಸಲಾ ಅಂತ ಮೊನ್ನೆ ನಿನ್ನನ್ನು ಕೇಳಿದೆ. ಬೇಡವೇ ಬೇಡ, ನಿಲ್ಲಿಸಿದರೆ ಆರು ವರ್ಷದ ಕೆಲಸ ಮಣ್ಣುಪಾಲು ಅಂದೆ ನೀನು. ಹಾಗಾದರೆ ಅದು ತಾನಾಗಿ ಯಾವತ್ತು ನಿಲ್ಲುತ್ತೆ ಹೇಳು ಅಂದೆ ನಾನು. ನೀನು ತಣ್ಣಗೆ, "ನಿಲ್ಲುತ್ತೋ ಇಲ್ವೋ ಅಂತಾನೇ ಹೇಳೋಕಾಗಲ್ಲ ಅಕ್ಕಾ, ಹೇಳೋಕಾಗಲ್ಲ ಅನ್ನೋದು ಸಾಬೀತಾಗಿದೆ" ಅಂದೆಯಲ್ಲ, ನನ್ನ ಮೈಯೆಲ್ಲ ಉರಿದುಹೋಯಿತು ಕಣೋ. ಸೊಂಟ ಮುರಿದ ಅಪ್ಪನನ್ನು ಎಲ್ಲಿ ಮಲಗಿಸಲಿ ಅಂತ ಕೇಳಿದರೆ ತರ್ಕಶಾಸ್ತ್ರ ಹೇಳುತ್ತೀಯಾ?

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು, ನಿನ್ನಷ್ಟು ಓದಿದವಳಲ್ಲ. ಆದರೆ ಆ ಸಾಬೀತನ್ನು ನೀನೇ ಅಡುಗೆಮನೆ ಕಟ್ಟೆಯ ಮೇಲೆ ಕೂತು ನನಗೆ ಹೇಳಿಕೊಟ್ಟಿದ್ದೆ, ನನಗೆ ಮರೆತಿಲ್ಲ. ಯಾವ ಪ್ರೋಗ್ರಾಂ ತೋರಿಸಿದರೂ ಇದು ನಿಲ್ಲುತ್ತೆ, ಇದು ನಿಲ್ಲಲ್ಲ ಅಂತ ತಪ್ಪದೆ ಹೇಳುವ ಒಬ್ಬ ಸರ್ವಜ್ಞ ಇದ್ದಾನೆ ಅಂತಿಟ್ಟುಕೋ. ಆಗ ಒಂದು ತರಲೆ ಪ್ರೋಗ್ರಾಂ ಬರೆಯಬಹುದು. ಅದು ತನ್ನ ಬಗ್ಗೆಯೇ ಅವನನ್ನು ಕೇಳುತ್ತದೆ. ನಿಲ್ಲುತ್ತೀಯ ಅಂದರೆ ಓಡುತ್ತಲೇ ಇರುತ್ತದೆ, ನಿಲ್ಲಲ್ಲ ಅಂದರೆ ಥಟ್ಟನೆ ನಿಲ್ಲುತ್ತದೆ. ಸರ್ವಜ್ಞ ಏನು ಹೇಳಿದರೂ ಸುಳ್ಳಾಗುತ್ತದೆ, ಆದ್ದರಿಂದ ಅಂಥ ಸರ್ವಜ್ಞ ಇರಲು ಸಾಧ್ಯವೇ ಇಲ್ಲ. ಇದು ಥೇಟ್ ನೀನೇ ಅಂತ ನಾನು ಬಿದ್ದು ಬಿದ್ದು ನಕ್ಕಿದ್ದೆ. ಸ್ವೆಟರ್ ಹಾಕಿಕೋ ಅಂದರೆ ಅಂಗಿ ಬಿಚ್ಚುತ್ತಿದ್ದವನು, ಮಲಗು ಅಂದರೆ ಎದ್ದು ಕುಣಿಯುತ್ತಿದ್ದವನು. ಅದಕ್ಕೇ ತಾನೇ ಅಮ್ಮ ನಿನಗೆ ತಕರಾರಪ್ಪ ಅಂತ ಹೆಸರಿಟ್ಟದ್ದು.

ಸರಿ, ಒಪ್ಪಿದೆ. ಎಲ್ಲ ಪ್ರೋಗ್ರಾಂಗಳಿಗೂ ಹೊಂದುವ ಒಂದೇ ವಿಧಾನ ಇಲ್ಲ. ಆದರೆ ನಿನ್ನ ಈ ಒಂದು ಪ್ರೋಗ್ರಾಂ ಬಗ್ಗೆ ಯಾರೂ ಏನೂ ಹೇಳಕೂಡದು ಅಂತ ಅದರಲ್ಲಿ ಎಲ್ಲಿದೆಯಪ್ಪಾ? ಹೊಲಿಗೆ ಯಂತ್ರ ಇನ್ನೆಷ್ಟು ದಿನ ಓಡುತ್ತದೆ ಅನ್ನುವುದಕ್ಕೆ ಎಲ್ಲ ಯಂತ್ರಕ್ಕೂ ಸೇರಿಸಿ ಒಂದು ಸೂತ್ರ ಕೊಡು ಅಂದರೆ ನನ್ನ ಹತ್ತಿರವೂ ಇಲ್ಲ. ಹಾಗಂತ ಎದುರು ಬೀದಿಯ ದರ್ಜಿಯಮ್ಮ ಯಂತ್ರ ತಂದಿಟ್ಟರೆ, ಹೇಳೋಕಾಗಲ್ಲಮ್ಮ, ಸಾಬೀತಾಗಿದೆ ಅಂತ ವಾಪಸ್ ಕಳಿಸುತ್ತೇನೆಯೇ? ತಳ ಬಿಚ್ಚುತ್ತೇನೆ. ಬಾಬಿನ್ ಗೂಡು ತೆಗೆದು ನೋಡುತ್ತೇನೆ. ಚಕ್ರ ಮೆಲ್ಲಗೆ ತಿರುಗಿಸಿ ಸೂಜಿ ಎಲ್ಲಿ ತಡೆಯುತ್ತದೆ ಅಂತ ಪರೀಕ್ಷೆ ಮಾಡುತ್ತೇನೆ. ಕೆಲವು ಸಲ ನನಗೂ ಗೊತ್ತಾಗುವುದಿಲ್ಲ, ಗೊತ್ತಾಗಲಿಲ್ಲ ಅಂತಲೇ ಹೇಳುತ್ತೇನೆ. ಆದರೆ ಬಿಚ್ಚಿ ನೋಡದೆ ಹೇಳುವುದಿಲ್ಲ. ನೀನು ಬಿಚ್ಚಿಯೇ ನೋಡಲಿಲ್ಲ. ನಿನಗೆ ಬೇಕಾಗಿದ್ದದ್ದು ಉತ್ತರ ಅಲ್ಲ, ಮನೆಗೆ ಬರದಿರಲು ಒಂದು ಗಟ್ಟಿ ನೆಪ.

ಆರು ವರ್ಷದ ಹಿಂದೆ, ನೀನು ಮನೆ ಬಿಟ್ಟ ದಿನ, ಅಪ್ಪ ಕೇಳಿದ್ದರಲ್ಲಿ ಏನು ತಪ್ಪಿತ್ತು? ತಿಂಗಳಿಂದ ಅದರ ಮುಂದೆ ಕೂತಿದ್ದೀಯಲ್ಲ, ಇದು ಮುಗಿಯೋ ಬಾಬತ್ತಾ ಅಲ್ವಾ ಅಂದರು, ಅಷ್ಟೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನು ಸಿಗುತ್ತೆ, ಸಿಗಲ್ಲ ಅಂತ ಉತ್ತರ ಕೊಟ್ಟವರು, ಅವರಿಗೆ ಹಾಗೆ ಕೇಳಿಯೇ ಅಭ್ಯಾಸ. ಅದಕ್ಕೆ ನೀನು ಚೀಲ ಹೆಗಲಿಗೇರಿಸಿ, "ಪರದೆ ಮೇಲೆ ಸೊನ್ನೆ ಬಂದ್ರೆ ಅದು ನಿಲ್ಲುತ್ತೆ. ಆವತ್ತು ಫೋನ್ ಮಾಡಿ, ಬರ್ತೀನಿ. ಅಲ್ಲೀವರೆಗೂ ಈ ಹೊಸಿಲು ತುಳಿಯಲ್ಲ" ಅಂದು ಹೊರಟೆ. ಮಾತೆಂದರೆ ಮಾತು, ಆಪರೇಷನ್ ದಿನವೂ ಬರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ನಾನೊಬ್ಬಳೇ ಐದು ಗಂಟೆ ಕೂತಿದ್ದೆ. ಆ ಐದು ಗಂಟೆಯನ್ನು ನಾನು ನಿನಗೆ ಯಾವತ್ತೂ ಕ್ಷಮಿಸುವುದಿಲ್ಲ, ಬರೆದಿಟ್ಟುಕೋ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ದಿನಕ್ಕೊಂದರಂತೆ ಪರದೆಯ ಮೇಲೆ ಬರುವ ಆ ಒಂಬತ್ತು ಅಂಕಿಯ ಸಂಖ್ಯೆಯನ್ನು, ನೀನು ಹೋದ ಮರುದಿನದಿಂದ ಅಪ್ಪ ನೋಟುಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದಾರೆ. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಕನ್ನಡಕ ಒರೆಸಿಕೊಂಡು ಕೋಣೆಗೆ ಹೋಗುತ್ತಾರೆ, ತಾರೀಖು ಹಾಕಿ ಸಂಖ್ಯೆ ಬರೆಯುತ್ತಾರೆ. ಸ್ಟ್ರೆಚರ್ ಮೇಲೆ ಮಲಗಿಸುವಾಗಲೂ, ಅಷ್ಟು ನೋವಿನಲ್ಲೂ, "ಏಳು ಗಂಟೆಗೆ ಬರಿ, ಮರೀಬೇಡ" ಅಂದರು. ಬರೆಯುತ್ತಿದ್ದೇನೆ. ಮೊನ್ನೆ ಭಾನುವಾರ ಅವಸರದಲ್ಲಿ ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡೆ, ಎಲ್ಲಕ್ಕೂ ಒಂದೇ ನೀಲಿ ರಟ್ಟು. ಸುಮ್ಮನೆ ತೆರೆದರೆ, ಪರದೆಯ ಮೇಲಿದ್ದ ಸಂಖ್ಯೆಯೇ ಅಲ್ಲಿ ಬರೆದಿತ್ತು! ಅಪ್ಪನ ಅಕ್ಷರ, ಒಂದು ವರ್ಷ ಎಂಟು ತಿಂಗಳ ಹಿಂದಿನ ತಾರೀಖು. ಸೋಮವಾರದ್ದು ಅದರ ಕೆಳಗಿನ ಸಾಲಿನಲ್ಲಿತ್ತು. ಇವತ್ತಿನದು ಅದರ ಕೆಳಗೆ.

ನೀನೇ ಹೇಳಿದ್ದೆ, ಪ್ರತಿ ಸಂಖ್ಯೆಯೂ ಹಿಂದಿನ ಸಂಖ್ಯೆಯೊಂದರಿಂದಲೇ ಹುಟ್ಟುತ್ತೆ, ಯಂತ್ರಕ್ಕೆ ಬೇರೇನೂ ನೆನಪಿರಲ್ಲ ಅಂತ. ಅಂದ ಮೇಲೆ ಒಂದು ಸಂಖ್ಯೆ ಎರಡನೇ ಸಲ ಬಂದರೆ ಅದರ ಮುಂದಿನದೆಲ್ಲ ಮತ್ತೆ ಬರಲೇಬೇಕು, ಅಲ್ಲವೇ? ನಿನ್ನೆ ಅಂಗಡಿ ಬಾಗಿಲು ಹಾಕಿ ಕೂತು ಆರು ವರ್ಷದ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲ ಎರಡು ಚಿಲ್ಲರೆ ವರ್ಷದ ಸಂಖ್ಯೆಗಳು ಮತ್ತೆ ಬಂದಿಲ್ಲ, ಅಲ್ಲಿಂದಾಚೆಗೆ ಆರುನೂರ ಹನ್ನೊಂದು ದಿನಕ್ಕೊಂದು ಸುತ್ತು. ಎರಡು ಸುತ್ತು ಮುಗಿದು ಮೂರನೆಯದು ನಡೆಯುತ್ತಿದೆ, ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ಆ ಸುತ್ತಿನಲ್ಲಿ ಸೊನ್ನೆ ಇಲ್ಲ. ನಿನ್ನ ಯಂತ್ರ ಗಾಣದೆತ್ತಿನ ಹಾಗೆ ಸುತ್ತುತ್ತಿದೆ, ಯಾವತ್ತೂ ನಿಲ್ಲುವುದಿಲ್ಲ. ಹೇಳೋಕಾಗಲ್ಲ ಅಂದೆಯಲ್ಲ, ನಾನು ಹೇಳಿದ್ದೇನೆ. ಇದಕ್ಕಿಂತ ಹೆಚ್ಚಿನ ಸಾಬೀತು ಬೇಕಿದ್ದರೆ ಪುಸ್ತಕಗಳನ್ನೂ ಕಳಿಸುತ್ತಿದ್ದೇನೆ, ಕನ್ನಡಕ ಹಾಕಿಕೊಂಡು ನೋಡು. ಬಂದ ಸಂಖ್ಯೆ ಹಿಂದೆ ಬಂದಿತ್ತೇ ಅಂತ ನೋಡಲು ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತಂತಲ್ಲ, ನನ್ನ ಗೆಳತಿಯ ಮಗಳು, ಕಂಪ್ಯೂಟರ್ ಓದುತ್ತಿರುವವಳು, ಹೇಳಿದಳು. ಅಷ್ಟು ದೊಡ್ಡ ಮೇಷ್ಟರಿಗೆ ಆ ಒಂದು ಸಾಲು ಹೊಳೆಯಲಿಲ್ಲ! ನನ್ನ ಪ್ರೋಗ್ರಾಂ ಹಾಗೆಲ್ಲ ಸುತ್ತುವಂಥದ್ದಲ್ಲ ಅನ್ನುವ ಜಂಬ.

ಶುಕ್ರವಾರ ಸಂಜೆ ಆರು ಗಂಟೆಯವರೆಗೆ ಕಾಯುತ್ತೇನೆ. ಬಂದು ನಿನ್ನ ಕೈಯಾರೆ ಆಫ್ ಮಾಡು. ಬರದಿದ್ದರೆ ನಾನೇ ಪ್ಲಗ್ಗು, ಬ್ಯಾಟರಿ ಎರಡೂ ಕಿತ್ತು ಮಂಚ ಹಾಕುತ್ತೇನೆ, ಆಮೇಲೆ ನನ್ನ ಮೇಲೆ ಹಾರಾಡಬೇಡ.

ಸಿಟ್ಟಿನಲ್ಲಿ ಬರೆದಿದ್ದೇನೆ, ಸಿಟ್ಟು ಇಳಿದಿಲ್ಲ. ಆದರೂ ನೀನು ಚೆನ್ನಾಗಿರಬೇಕು, ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ಅಕ್ಕ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಪುಸ್ತಕಗಳನ್ನು ಕಟ್ಟುವಾಗ ಈಗಷ್ಟೇ ಕಣ್ಣಿಗೆ ಬಿತ್ತು. ಸಂಖ್ಯೆ ಮೊದಲ ಸಲ ಮರಳಿ ಬಂದ ದಿನದ ಸಾಲು ನೋಡು, ಎರಡು ವರ್ಷದ ಹಿಂದಿನದು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ "ಮೂರನೇ ಪುಸ್ತಕ, ಪುಟ ೧೧" ಅಂತಿದೆ. ಅಪ್ಪನ ಕೈಬರಹ. ಹಿಂದಕ್ಕೆ ತಿರುವಿ ಹುಡುಕಿ ನೋಡಿದ್ದಾರೆ ಕಣೋ. ಅದು ನಿಲ್ಲುವುದಿಲ್ಲ ಅಂತ ಎರಡು ವರ್ಷದಿಂದ ಅವರಿಗೆ ಗೊತ್ತು. ನನಗೆ ಹೇಳಲಿಲ್ಲ, ನಿನಗೂ ತಿಳಿಸಲಿಲ್ಲ, ದಿನಾ ಏಳು ಗಂಟೆಗೆ ಎದ್ದು ಬರೆದರು. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಷ್ಟು ಬಂತು ಅಂತ ಕೇಳಿದರು, ಹೇಳಿದೆ. "ಹಂಗಾದ್ರೆ ಇನ್ನೂ ನಡೀತಿದೆ. ಅವನಿಗೆ ಹೇಳು, ಸೊನ್ನೆ ಇನ್ನೇನು ಬಂದೇಬಿಡುತ್ತೆ ಅಂತ" ಅಂದರು. ಶನಿವಾರ ಹನ್ನೊಂದಕ್ಕೆ ಬಿಡುತ್ತಾರೆ. ಕಾರಿನಿಂದ ಅವರನ್ನು ಇಳಿಸಲು ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ.