ಎಡಭುಜದ ಗಂಟು

ಅಪ್ಪಾ,

ಇವತ್ತು ಉಪ್ಪಾರಹಳ್ಳಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ನಾಗಭೂಷಣ್ ಎಂಬ ಬ್ಯಾಂಕ್ ಉದ್ಯೋಗಿ ಬಂದಿದ್ದರು. ಕುತ್ತಿಗೆ ತಿರುಗಿಸಲಾಗದಷ್ಟು ನೋವು. ಬೋರಲು ಮಲಗಿಸಿ, ಸ್ನಾಯುಗಳನ್ನು ಸುತ್ತಿದ ಫ್ಯಾಸಿಯಾ ಪೊರೆ ಸಡಿಲವಾಗಲೆಂದು ಎಡಭುಜದ ಕೆಳಗೆ ಬೆರಳೂರಿ ನಿಧಾನವಾಗಿ ಒತ್ತಿದೆ. ಗಂಟು ಕರಗತೊಡಗಿದಾಗ ಅವರು ಮಾತಾಡಿದರು.

“ಮೆತ್ತಗೆ ಕಣವ್ವ ವನಜಿ, ಕುದ್ರೆ ಬೆದರ್ತದೆ.”

ಒತ್ತುವುದನ್ನು ನಿಲ್ಲಿಸಿದೆ. ಕುಣಿಗಲ್ಲಿನ ಲಾಯದಲ್ಲಿ ಕುದುರೆಯ ಮೈ ಉಜ್ಜುತ್ತಾ ನೀನು ಹೇಳುತ್ತಿದ್ದ ಮಾತದು. ದನಿಯೂ ನಿನ್ನದೇ. ನೀನು ತೀರಿಕೊಂಡ ಮೇಲೆ ನನ್ನನ್ನು ವನಜಿ ಎನ್ನುವವರು ಯಾರೂ ಇಲ್ಲ.

“ಏನಂದ್ರಿ ಸಾರ್?”

“ನಾನಾ? ಏನೂ ಇಲ್ವಲ್ಲ ಮೇಡಮ್. ನಿದ್ದೆ ಬಂದ್ಬಿಟ್ಟಿತ್ತು.”

“ಕುದುರೆ ಸಾಕಿದ್ರಾ?”

“ಅಯ್ಯೋ, ಹತ್ರಾನೂ ಹೋದವನಲ್ಲ.”

ನಿನಗೂ ಅಲ್ಲೇ, ಎಡಭುಜದ ಕೆಳಗೇ ನೋಯುತ್ತಿತ್ತು. ನಾನು ಈ ಕೆಲಸ ಕಲಿತು ಬಂದ ಮೇಲೂ ನೀನು ಗೋಡೆಗೇ ಬೆನ್ನು ಉಜ್ಜಿಕೊಳ್ಳುತ್ತಿದ್ದೆ. ಹೊರಗೆ ಪೇಷೆಂಟುಗಳು ಕಾಯುತ್ತಿರುತ್ತಿದ್ದರು; ನಿನ್ನ ಭುಜಕ್ಕೆ ನಾನು ಒಮ್ಮೆಯೂ ಕೈ ಇಡಲಿಲ್ಲ.

ನೋವು ಹೋಯಿತೆಂದು ಅವರು ಏಳಲು ಹೊರಟರು.

“ಇನ್ನೊಂಚೂರು ಮಲ್ಗಿರಿ ಸಾರ್” ಎಂದೆ.

ಅವರು ಮತ್ತೆ ನಿದ್ದೆಹೋದರು. ನಾನು ಅಲ್ಲೇ ಅಂಗೈ ಇಟ್ಟು, ಒತ್ತದೆ ಕಾದೆ. ಅವರ ಉಸಿರಾಟ ಹಾಗೇ ನಡೆದಿತ್ತು, ಮೈ ಅಲುಗಲಿಲ್ಲ. ಎಡಭುಜವೊಂದೇ ಮೆಲ್ಲಗೆ ಮೇಲೆದ್ದು ನನ್ನ ಅಂಗೈಗೆ ಒರಗಿತು.