ಮರಿಯನ್ನು ಕಳಿಸುವುದಿಲ್ಲ

ಅಪ್ಪನಿಗೆ,

ನಮಸ್ಕಾರಗಳು ಎಂದು ಬರೆಯಲು ಕೈ ಏಳುತ್ತಿಲ್ಲ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಭಾನುವಾರ ನಾಯಿಮರಿಯನ್ನು ಕರೆದುಕೊಂಡು ಹೋಗಲು ನೀವು ಬರುವುದು ಬೇಡ. ಮರಿಯನ್ನು ಕಳಿಸುವುದಿಲ್ಲ.

ಹೋದ ವಾರ ಫೋನಿನಲ್ಲಿ ನೀವು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಒಂದು ವಾರ ನನ್ನ ಹತ್ರ ಬಿಡು. ನಿಮ್ಮಿಬ್ರನ್ನೂ ದಾರಿಗೆ ತಂದೋನಿಗೆ ಒಂದು ನಾಯಿಮರಿ ಯಾವ ಲೆಕ್ಕ?" ಅಣ್ಣನನ್ನೂ ನನ್ನನ್ನೂ ಸೇರಿಸಿ, ಹೆಮ್ಮೆಯಿಂದಲೇ ಹೇಳಿದಿರಿ. ನಾನು ಎಂದಿನಂತೆ ಹೂಂ ಎಂದು ಫೋನ್ ಇಟ್ಟೆ. ಆ ಹೂಂ ಅನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಮರಿ ಕಚ್ಚುವುದು ನಿಜ. ಮೂರು ತಿಂಗಳ ಪ್ರಾಣಿ, ಬಾಯಿ ತುಂಬ ಚೂಪು ಹಲ್ಲು. ನಿಮ್ಮ ಮೊಮ್ಮಗಳು ಅದಕ್ಕೆ ಸೂಜಿ ಎಂದೇ ಹೆಸರಿಟ್ಟಿದ್ದಾಳೆ. ಕುರ್ಚಿಯ ಕಾಲು, ಪರದೆಯ ಅಂಚು, ನನ್ನ ಹಿಮ್ಮಡಿ, ಅದಕ್ಕೆ ಎಲ್ಲವೂ ಒಂದೇ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವಳು, ಕೈಯೇ ನನ್ನ ಅನ್ನ. ಬೆರಳ ತುಂಬ ತೂತು ಇಟ್ಟುಕೊಂಡು ಅಂಟಿನ ಡಬ್ಬಿ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತದೆ. ಒಂದು ತಿಂಗಳು ಸಹಿಸಿದೆ. ಹಗ್ಗದ ಗಂಟು ಕೊಟ್ಟೆ, ಒದ್ದೆ ಬಟ್ಟೆಯನ್ನು ತಣ್ಣಗೆ ಮಾಡಿ ಕೊಟ್ಟೆ, ಕೈಗೆ ಕಹಿ ಎಣ್ಣೆ ಹಚ್ಚಿಕೊಂಡೆ. ಪುಣ್ಯಾತ್ಗಿತ್ತಿ ಕಹಿಯನ್ನೂ ನೆಕ್ಕಿ ಆಮೇಲೆ ಕಚ್ಚಿದಳು. ನೀವು ಮೊದಲಿನಿಂದಲೂ ಹೇಳುತ್ತಿದ್ದ ಚಪ್ಪಲಿ ಮದ್ದನ್ನೂ ಒಂದು ದಿನ ಮಾಡಿದೆ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಮೂತಿಗೆ ಒಂದೇ ಏಟು. ಎರಡು ದಿನ ನನ್ನ ಕೈ ಕಂಡರೆ ಮೇಜಿನ ಕೆಳಗೆ ನುಸುಳುತ್ತಿತ್ತು. ಮೂರನೆಯ ದಿನ ಬಂದು ಇನ್ನೂ ಗಟ್ಟಿಯಾಗಿ ಕಚ್ಚಿತು.

ಪ್ರಾಣಿಗಳ ಡಾಕ್ಟರು ಮರಿಯನ್ನು ಬಿಟ್ಟು ನನ್ನ ಕೈಗಳನ್ನೇ ನೋಡಿದರು. ಕಚ್ಚಿದಾಗ ಏನು ಮಾಡುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಮೆಲ್ಲಗೆ ಬಿಡಿಸಿಕೊಳ್ಳುತ್ತೇನೆ ಎಂದೆ. "ಅದಕ್ಕೇ ಮತ್ತೆ ಕಚ್ಚುತ್ತೆ. ಜೊತೆಗೆ ಹುಟ್ಟಿದ ಮರಿಗಳಾಗಿದ್ರೆ ಕುಂಯ್ ಅಂದು ಆಟ ನಿಲ್ಸಿಬಿಡ್ತಿದ್ವು. ನೋವಾಗುತ್ತೆ ಅಂತ ಇದಕ್ಕೆ ಯಾರೂ ಹೇಳೇ ಇಲ್ವಲ್ಲ. ಜೋರಾಗಿ ಕೂಗಿ, ಎದ್ದು ಹೋಗಿ. ಅಷ್ಟೇ."

ಅಪ್ಪ, ನನಗೆ ಕೂಗಲು ಬರಲಿಲ್ಲ. ನಲವತ್ತೆರಡು ವರ್ಷದ ಹೆಂಗಸು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಯ್ಯೋ ಅನ್ನುವುದನ್ನು ಅಭ್ಯಾಸ ಮಾಡಿದೆ. ಹೊರಗೆ ಬಂದು ಮರಿಯ ಹಲ್ಲು ತಾಗಿದೊಡನೆ ಗಂಟಲು ಕಟ್ಟಿಹೋಗುತ್ತಿತ್ತು. ಅದನ್ನು ಕಟ್ಟಿದವರು ನೀವು.

ನೀವು ಕಾರ್ಖಾನೆಯ ದವಾಖಾನೆಯಲ್ಲಿ ದಿನವಿಡೀ ಗಾಯ ತೊಳೆದು ಕಟ್ಟುತ್ತಿದ್ದವರು. ಅಲ್ಲಿನ ಅರಚಾಟ ಮನೆಯಲ್ಲೂ ಬೇಡವೆನಿಸಿರಬೇಕು, ಅದು ಅರ್ಥವಾಗುತ್ತದೆ. ಅರ್ಥವಾಯಿತೆಂದು ಕ್ಷಮಿಸಲೇಬೇಕೆಂದೇನೂ ಇಲ್ಲ. ಅಣ್ಣ ಬಿದ್ದು ಅತ್ತರೆ ಅಳು ನಿಲ್ಲುವವರೆಗೂ ಅವನನ್ನು ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದಿರಿ. ನನಗೆ ಒಂಬತ್ತು ವರ್ಷವಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ನಾನು ತುಟಿ ಬಿಚ್ಚಲಿಲ್ಲ. ಬಂದ ನೆಂಟರ ಮುಂದೆ ನನ್ನ ತಲೆ ಸವರಿ, "ನೋಡಿ, ಇವಳು ನನ್ನ ಮಗಳು" ಎಂದಿರಿ. ನೀವು ನನ್ನ ತಲೆ ಸವರಿದ್ದು ಅದೊಂದೇ ಸಲ. ಅದೊಂದು ಮಾತಿಗಾಗಿ ಮೂವತ್ತಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೆರಿಗೆಯಲ್ಲೂ ಸದ್ದು ಮಾಡದೆ ನರ್ಸನ್ನು ಹೆದರಿಸಿದ್ದೆ.

ಕಳೆದ ಗುರುವಾರ ಮಗಳು ಅಷ್ಟು ಸೆಖೆಯಲ್ಲೂ ಉದ್ದ ತೋಳಿನ ಅಂಗಿ ಬಿಚ್ಚಲು ಒಪ್ಪಲಿಲ್ಲ. ಸ್ನಾನಕ್ಕೆಂದು ಬಲವಂತವಾಗಿ ಬಿಚ್ಚಿಸಿದೆ. ಮೊಣಕೈವರೆಗೂ ಹಲ್ಲಿನ ಗುರುತು, ಒಂದು ಕಡೆ ಕೀವು ಕಟ್ಟಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನೂ ಹೇಳಲ್ವಲ್ಲಮ್ಮ. ನಂಗೂ ಏನೂ ನೋವಾಗಲ್ಲ."

ಆರು ವರ್ಷದ ಮಗು. ಅಷ್ಟು ಹೇಳಿ ಗಲ್ಲ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಶಭಾಷ್ ಎನ್ನಲಿ ಎಂದು ಕಾಯುತ್ತಿದ್ದಳು, ಅಪ್ಪ.

ನಿಮ್ಮ ಮೇಲೆ ಬಂದ ಸಿಟ್ಟು ದೊಡ್ಡದೋ ನನ್ನ ಮೇಲೆ ಬಂದದ್ದು ದೊಡ್ಡದೋ ಹೇಳಲಾರೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಗಾಯಕ್ಕೆ ಮದ್ದು ಹಾಕಿಸಿ ತಂದೆ. ಸಂಜೆ ಅವಳ ಎದುರಿಗೇ ಕುಳಿತು ಮರಿಯ ಮುಂದೆ ಕೈ ಚಾಚಿದೆ. ಕಚ್ಚಿತು. ಕೂಗಿದೆ. ಮಹಡಿಯವರು ಇಳಿದು ಬಂದು ಬಾಗಿಲು ತಟ್ಟುವಷ್ಟು ಜೋರಾಗಿ ಕೂಗಿದೆ. ಮರಿ ಕೈ ಬಿಟ್ಟು ಹಿಂದೆ ಸರಿದು, ಕಿವಿ ತಗ್ಗಿಸಿಕೊಂಡು ನನ್ನನ್ನೇ ನೋಡಿತು. ಅದಕ್ಕೆ ಗೊತ್ತೇ ಇರಲಿಲ್ಲ. ನಾನು ಎದ್ದು ಆಚೆ ಕೋಣೆಗೆ ಹೋದೆ.

ಮಗಳು ಅಂದು ಬೆಚ್ಚಿಬಿದ್ದಳು. ಮರುದಿನ ಅವಳೂ ಕೂಗಿದಳು. ಈಗ ನಮ್ಮದು ಭಾರಿ ಗಲಾಟೆಯ ಮನೆ. ಕಚ್ಚುವುದು ಪೂರ್ತಿ ನಿಂತಿಲ್ಲ, ಆದರೆ ಹಲ್ಲು ಊರುವ ಮೊದಲೇ ಬಾಯಿ ಸಡಿಲಿಸುತ್ತಿದೆ. ಇಷ್ಟು ಕಲಿಯಲು ಅದಕ್ಕೆ ನಾಲ್ಕು ದಿನ ಸಾಕಾಯಿತು. ನಿಮಗೆ ಎಪ್ಪತ್ತು ವರ್ಷ ಸಾಲಲಿಲ್ಲ. ನಿಮಗೂ ಯಾರೂ ಹೇಳಿರಲಿಲ್ಲವೇನೋ.

ನಾನು ಹೇಳುತ್ತಿದ್ದೇನೆ. ನೋವಾಯಿತು, ಅಪ್ಪ. ನಿಮ್ಮಿಂದ ನನಗೆ ತುಂಬ ನೋವಾಯಿತು.

ಅದೆಲ್ಲ ಹಳೇ ಕಥೆ ಎಂಬ ಉತ್ತರವಿದ್ದರೆ ಬರೆಯಬೇಡಿ, ಫೋನೂ ಮಾಡಬೇಡಿ. ನಾನು ಕೂಗಿಯಾಯಿತು. ಈಗ ಎದ್ದು ಹೋಗುತ್ತಿದ್ದೇನೆ.

ಆರೋಗ್ಯವಾಗಿರಿ. ಸದ್ಯಕ್ಕೆ ಮನಸ್ಸಾರೆ ಹಾರೈಸಬಲ್ಲದ್ದು ಇಷ್ಟೇ.

ನಿಮ್ಮ ಮಗಳು